ಕೊಟ್ಟಿಗೆಯಲ್ಲೂ ಹೆರಿಗೆ ಕೋಣೆಯಲ್ಲೂ ಅದೇ ಹಾರ್ಮೋನು

ಸಂಪಗಾಂವದಲ್ಲಿ ಎಮ್ಮೆ ಕಟ್ಟಿರುವ ಯಾವುದೇ ಮನೆಯ ಕೊಟ್ಟಿಗೆಗೆ ನಸುಕಿನಲ್ಲಿ ಹೋಗಿ ನೋಡಿ. ಹಿಂಡಲು ಕೂತ ಹೆಂಗಸು ಮೊದಲು ಕರುವನ್ನು ಬಿಡುತ್ತಾಳೆ. ಕರು ನಾಲ್ಕಾರು ಸಲ ಕೆಚ್ಚಲಿಗೆ ಗುದ್ದಿ ಮೊಲೆ ಚೀಪುತ್ತದೆ. ಸ್ವಲ್ಪ ಹೊತ್ತಿಗೆ ಕೆಚ್ಚಲು ಬಿಗಿದುಕೊಂಡು ಎಮ್ಮೆ ಸೊರ ಬಿಡುತ್ತದೆ. ಆಗ ಕರುವನ್ನು ಎಳೆದು ಕಟ್ಟಿ ಹಾಲು ಹಿಂಡಲು ಶುರು ಮಾಡುತ್ತಾಳೆ.

ಅದೇ ಮನೆಯ ಒಳಕೋಣೆಯಲ್ಲಿ ಮೊನ್ನೆಯಷ್ಟೇ ಹೆತ್ತ ಸೊಸೆ ಮಗುವಿಗೆ ಹಾಲೂಡಿಸುತ್ತಿದ್ದಾಳೆ ಎಂದುಕೊಳ್ಳಿ. ಮಗು ಚೀಪತೊಡಗಿದ ಸ್ವಲ್ಪ ಹೊತ್ತಿಗೇ ಅವಳ ಕಿಬ್ಬೊಟ್ಟೆಯಲ್ಲಿ ಹಿಂಡಿದಂತಹ ನೋವು. "ಹೊಟ್ಟೆ ಒಳಗೆ ಹೋಗುತ್ತಿದೆ, ಒಳ್ಳೆಯದೇ" ಎಂದು ಅತ್ತೆ ಸಮಾಧಾನ ಹೇಳುತ್ತಾಳೆ. ನೀವು ಹೆತ್ತವರಾಗಿದ್ದರೆ ಈ ನೋವು ನಿಮಗೂ ಗೊತ್ತು. ಎರಡನೆಯ, ಮೂರನೆಯ ಹೆರಿಗೆಯ ನಂತರ ಅದು ಇನ್ನೂ ಜೋರು ಎಂಬುದೂ ಗೊತ್ತು.

ಕೊಟ್ಟಿಗೆಯ ಹಾಲಿಗೂ ಬಾಣಂತಿಯ ಹೊಟ್ಟೆನೋವಿಗೂ ಏನು ಸಂಬಂಧ? ಎರಡನ್ನೂ ಮಾಡಿಸುವುದು ಒಂದೇ ವಸ್ತು. ಅದರ ಹೆಸರು ಆಕ್ಸಿಟೋಸಿನ್. ಎಮ್ಮೆಯ ಆಕ್ಸಿಟೋಸಿನ್‌ಗೂ ಮನುಷ್ಯಳ ಆಕ್ಸಿಟೋಸಿನ್‌ಗೂ ಒಂದು ಅಣುವಿನಷ್ಟೂ ವ್ಯತ್ಯಾಸವಿಲ್ಲ. ಕುರಿಯದ್ದೂ ಇಲಿಯದ್ದೂ ಅದೇ. ಹೆರಿಗೆಯಾದ ಮೊದಲ ನಿಮಿಷದಲ್ಲಿ ನರ್ಸ್ ಕೊಡುವ ಚುಚ್ಚುಮದ್ದಿನಲ್ಲಿರುವುದು ಇದೇ. ಕೆಲವರು ಕಳ್ಳತನದಿಂದ ಎಮ್ಮೆಗೆ ಚುಚ್ಚುವ ಬಾಟಲಿಯಲ್ಲಿರುವುದೂ ಇದೇ. ಸರಿಯಾದ ಹೊತ್ತಿನಲ್ಲಿ ಕೊಟ್ಟರೆ ತಾಯಿಯ ಪ್ರಾಣ ಉಳಿಸುತ್ತದೆ. ಹೊತ್ತು ತಪ್ಪಿದರೆ ತಾಯಿಗೂ ಮಗುವಿಗೂ ಅಪಾಯ. ಒಂದೇ ಮದ್ದು ಹೀಗೆ ಎರಡು ರೀತಿ ನಡೆದುಕೊಳ್ಳಲು ಕಾರಣವೇನೆಂದು ನಾವೂ ನೀವೂ ತಿಳಿದಿರಬೇಕು.

ಬಾಗಿಲಿದ್ದವರಿಗೆ ಮಾತ್ರ ಸುದ್ದಿ

ಆಕ್ಸಿಟೋಸಿನ್ ಒಂದು ಹಾರ್ಮೋನು. ಒಂಬತ್ತು ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಮೆದುಳಿನಲ್ಲಿ ತಯಾರಾಗಿ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ರಕ್ತಕ್ಕೆ ಇಳಿಯುತ್ತದೆ. 1906ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಈ ಗ್ರಂಥಿಯ ರಸವು ಬೆಕ್ಕಿನ ಗರ್ಭಕೋಶವನ್ನು ಸಂಕುಚಿಸುವುದನ್ನು ಕಂಡರು. 1910ರಲ್ಲಿ ಅಮೆರಿಕದ ಆಟ್ ಮತ್ತು ಸ್ಕಾಟ್ ಎಂಬವರು ಅದೇ ರಸ ಆಡಿನ ಹಾಲನ್ನು ಇಳಿಸುವುದನ್ನು ತೋರಿಸಿದರು. 1953ರಲ್ಲಿ ಅಮೆರಿಕದ ವಿನ್ಸೆಂಟ್ ಡು ವಿನ್ಯೂ ಈ ಹಾರ್ಮೋನನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. 1955ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ರಕ್ತಕ್ಕೆ ಇಳಿದ ಹಾರ್ಮೋನು ಇಡೀ ದೇಹವನ್ನು ಸುತ್ತುತ್ತದೆ. ಕೈಕಾಲಿಗೂ ಹೋಗುತ್ತದೆ, ಕಣ್ಣಿಗೂ ಹೋಗುತ್ತದೆ. ಹಾಗಿದ್ದರೆ ಕೈಯ ಸ್ನಾಯು ಏಕೆ ಸೆಡೆತುಕೊಳ್ಳುವುದಿಲ್ಲ? ಏಕೆಂದರೆ ಹಾರ್ಮೋನಿನ ಮಾತು ಕೇಳಲು ಜೀವಕೋಶದ ಹೊರಪೊರೆಯಲ್ಲಿ ಅದಕ್ಕೆಂದೇ ಮಾಡಿದ ಬಾಗಿಲು ಬೇಕು. ಇದನ್ನು ರಿಸೆಪ್ಟರ್ ಅಥವಾ ಗ್ರಾಹಿ ಎನ್ನುತ್ತಾರೆ. ಆಕ್ಸಿಟೋಸಿನ್ ಬಂದು ಗ್ರಾಹಿಗೆ ಕೂತರೆ ಜೀವಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಸ್ನಾಯು ಸಂಕುಚಿಸುತ್ತದೆ. ಗ್ರಾಹಿ ಇಲ್ಲದ ಜೀವಕೋಶದ ಪಾಲಿಗೆ ಆ ಹಾರ್ಮೋನು ಬಂದೂ ಬಾರದಂತೆ.

ಗ್ರಾಹಿಯನ್ನು ಹೇಗೆ ಕಟ್ಟಬೇಕೆಂಬ ಬರಹ ಒಂದು ಜೀನಿನಲ್ಲಿದೆ. ಮನುಷ್ಯರಲ್ಲಿ ಅದು ಮೂರನೆಯ ಕ್ರೋಮೋಸೋಮಿನಲ್ಲಿದೆ. ಜಪಾನಿನ ತದಾಶಿ ಕಿಮುರ ಮತ್ತು ಸಂಗಡಿಗರು 1992ರಲ್ಲಿ ಇದನ್ನು ಬೇರ್ಪಡಿಸಿ ಓದಿದರು. ಗ್ರಾಹಿಯಲ್ಲಿ 389 ಅಮೈನೋ ಆಮ್ಲಗಳಿವೆ.

ಇಲ್ಲೊಂದು ಮುಖ್ಯ ಮಾತಿದೆ. ಗರ್ಭಕೋಶದ ಜೀವಕೋಶದಲ್ಲೂ ಸ್ತನದ ಜೀವಕೋಶದಲ್ಲೂ ಮೆದುಳಿನ ಜೀವಕೋಶದಲ್ಲೂ ಇರುವ ಜೀನು ಒಂದೇ. ಪ್ರತಿ ಮನೆಯಲ್ಲೂ ಅದೇ ಪುಸ್ತಕವಿದೆ, ಆದರೆ ಯಾವ ಮನೆ ಯಾವಾಗ ಯಾವ ಪುಟ ತೆರೆದು ಓದುತ್ತದೆ ಎಂಬುದು ಬೇರೆ. ಆದ್ದರಿಂದ ವಿಜ್ಞಾನಿಗಳು ಒಂದು ಅಂಗವನ್ನು ಮತ್ತೊಂದರ ಜೊತೆ ಇಟ್ಟು ಹೋಲಿಸುತ್ತಾರೆ. ಎಲ್ಲಿ ಎಷ್ಟು ಗ್ರಾಹಿಗಳಿವೆ, ಯಾವ ದಿನ ಏರಿದವು, ಯಾವ ದಿನ ಇಳಿದವು ಎಂದು ಎಣಿಸುತ್ತಾರೆ.

ಎರಡು ಅಂಗ, ಎರಡು ಲೆಕ್ಕ

ಕಣ್ಣಿಗೆ ಕಾಣದ್ದನ್ನು ಎಣಿಸುವುದು ಹೇಗೆ? ಹಳೆಯ ವಿಧಾನದಲ್ಲಿ ಹಾರ್ಮೋನಿಗೆ ವಿಕಿರಣದ ಗುರುತು ಹಚ್ಚಿ, ಅಂಗದ ಚೂರಿನೊಂದಿಗೆ ಬೆರೆಸಿ, ಎಷ್ಟು ಅಂಟಿಕೊಂಡಿತೆಂದು ಅಳೆಯುತ್ತಿದ್ದರು. ಹೊಸ ವಿಧಾನದಲ್ಲಿ ಜೀನಿನಿಂದ ತೆಗೆದ ಆರ್‌ಎನ್‌ಎ ಎಂಬ ನಕಲುಪ್ರತಿಗಳನ್ನು ಎಣಿಸುತ್ತಾರೆ. ನಕಲು ಹೆಚ್ಚಾದ ಮಾತ್ರಕ್ಕೆ ಗ್ರಾಹಿಯೂ ಅಷ್ಟೇ ಹೆಚ್ಚಾಗಿದೆ ಎನ್ನಲಾಗದು. ಆದ್ದರಿಂದ ಜಾಣರು ಎರಡನ್ನೂ ನೋಡುತ್ತಾರೆ.

1979ರಲ್ಲಿ ಅಮೆರಿಕದ ಮೆಲ್ವಿನ್ ಸೊಲೊಫ್ ಮತ್ತು ಸಂಗಡಿಗರು ಬಸುರಿ ಇಲಿಗಳಲ್ಲಿ ಗರ್ಭಕೋಶವನ್ನೂ ಹಾಲಿನ ಗ್ರಂಥಿಯನ್ನೂ ಹೀಗೆ ಹೋಲಿಸಿದರು. ಹಾಲಿನ ಗ್ರಂಥಿಯಲ್ಲಿ ಗ್ರಾಹಿಗಳು ಬಸುರಿನ ಉದ್ದಕ್ಕೂ ನಿಧಾನವಾಗಿ ಹೆಚ್ಚುತ್ತಾ ಹೋಗಿ, ಹಾಲೂಡಿಸುವ ದಿನಗಳಲ್ಲಿ ತುಂಬಿ ನಿಂತವು. ಗರ್ಭಕೋಶದ ಕತೆಯೇ ಬೇರೆ. ಅಲ್ಲಿ ಬಹುಕಾಲ ಕಡಿಮೆಯಿದ್ದ ಗ್ರಾಹಿಗಳು ಹೆರಿಗೆಯ ಹೊತ್ತಿಗೆ ಒಮ್ಮೆಲೇ ಜಿಗಿದು, ಹೆರಿಗೆಯಾದ ಮೇಲೆ ಬೇಗನೆ ಇಳಿದವು.

ಈ ಏರ್ಪಾಡಿನ ಅರ್ಥ ನೋಡಿ. ಬಸುರಿ ಎಮ್ಮೆಯನ್ನು ಹಿಂಡುವಾಗ ಅದರ ರಕ್ತದಲ್ಲಿ ಆಕ್ಸಿಟೋಸಿನ್ ಏರುತ್ತದೆ. ದೊಡ್ಡ ಮಗುವಿಗೆ ಇನ್ನೂ ಹಾಲೂಡಿಸುತ್ತಿರುವ ತಾಯಿ ಮತ್ತೆ ಬಸುರಿಯಾದಾಗಲೂ ಏರುತ್ತದೆ. ಆದರೂ ಸಾಮಾನ್ಯವಾಗಿ ಗರ್ಭ ಜಾರುವುದಿಲ್ಲ. ಕೆಚ್ಚಲಿನ ಬಾಗಿಲು ತೆರೆದಿದೆ, ಗರ್ಭಕೋಶದ ಬಾಗಿಲು ಇನ್ನೂ ಎದ್ದಿಲ್ಲ. ದಿನ ತುಂಬಿದಾಗ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಹಿಡಿತ ಸಡಿಲವಾಗಿ ಈಸ್ಟ್ರೊಜೆನ್ನಿನ ಕೈ ಮೇಲಾಗುತ್ತದೆ. ಆಗ ಗರ್ಭಕೋಶದ ಸ್ನಾಯು ಆ ಪುಟವನ್ನು ತೆರೆದು ಗ್ರಾಹಿಗಳನ್ನು ಕಟ್ಟುತ್ತದೆ.

ಮನುಷ್ಯರಲ್ಲೂ ಹೀಗೆಯೇ. 1982ರಲ್ಲಿ ಆನಾ ರೀಟಾ ಫುಕ್ಸ್ ಮತ್ತು ಸಂಗಡಿಗರು, ಬಸುರು ಮುಂದುವರಿದಂತೆ ಗರ್ಭಕೋಶದಲ್ಲಿ ಆಕ್ಸಿಟೋಸಿನ್ ಗ್ರಾಹಿಗಳು ಏರುತ್ತವೆ, ಹೆರಿಗೆ ನೋವಿನ ಆರಂಭದಲ್ಲಿ ಅತಿ ಹೆಚ್ಚಿರುತ್ತವೆ ಎಂದು ತೋರಿಸಿದರು. 1996ರಲ್ಲಿ ಕಿಮುರ ತಂಡ ಆರ್‌ಎನ್‌ಎ ಎಣಿಸಿತು. ಬಸುರಿಲ್ಲದ ಗರ್ಭಕೋಶಕ್ಕೆ ಹೋಲಿಸಿದರೆ ಹೆರಿಗೆಯ ಹೊತ್ತಿನಲ್ಲಿ ಅದು 300 ಪಟ್ಟಿಗಿಂತ ಹೆಚ್ಚಿತ್ತು! ನೋವು ಶುರುವಾಗುವ ಮೊದಲು ರಕ್ತದ ಆಕ್ಸಿಟೋಸಿನ್ ಅಷ್ಟೇನೂ ಹೆಚ್ಚುವುದಿಲ್ಲ. ಗರ್ಭಕೋಶದ ಕಿವಿ ಚುರುಕಾಗುತ್ತದೆ, ಅಷ್ಟೆ. ಹೆತ್ತ ಎರಡನೆಯ ದಿನ ಮಗು ಹಾಲು ಕುಡಿಯುವಾಗ ಹೊಟ್ಟೆ ನೋಯುವುದು ಆ ಕಿವಿ ಇನ್ನೂ ಪೂರ್ತಿ ಮುಚ್ಚಿಲ್ಲದಿರುವುದರಿಂದ. ದಿನ ಕಳೆದಂತೆ ನೋವು ನಿಲ್ಲುತ್ತದೆ, ಹಾಲು ಮಾತ್ರ ಇಳಿಯುತ್ತಲೇ ಇರುತ್ತದೆ.

ಇಲಿಮರಿಗಳು ಹೇಳಿದ್ದು

ಆಕ್ಸಿಟೋಸಿನ್ ಇಲ್ಲವೇ ಇಲ್ಲವೆಂದಾದರೆ ಏನಾಗುತ್ತದೆ? 1996ರಲ್ಲಿ ಇದನ್ನು ಪರೀಕ್ಷಿಸಿದರು. ಆಕ್ಸಿಟೋಸಿನ್ನಿನ ಜೀನನ್ನೇ ಕಿತ್ತುಹಾಕಿದ ಸುಂಡಿಲಿಗಳನ್ನು ಬೆಳೆಸಿದರು. ಅವು ಹೆರಲಾರವು ಎಂದು ನೀವು ಊಹಿಸಿದಿರಲ್ಲವೇ? ಆದರೆ ಅವು ಸಲೀಸಾಗಿ ಹೆತ್ತವು. ಮರಿಗಳು ಮಾತ್ರ ಬದುಕಲಿಲ್ಲ, ಏಕೆಂದರೆ ತಾಯಿ ಹಾಲು ಇಳಿಸಲಿಲ್ಲ. ಹಾಲು ಗ್ರಂಥಿಯಲ್ಲಿತ್ತು, ಹೊರಗೆ ಬರಲಿಲ್ಲ. ತಾಯಿಗೆ ಆಕ್ಸಿಟೋಸಿನ್ ಚುಚ್ಚಿದಾಗ ಮರಿಗಳಿಗೆ ಹಾಲು ಸಿಕ್ಕಿತು. 2005ರಲ್ಲಿ ಜಪಾನಿನ ತಂಡವೊಂದು ಗ್ರಾಹಿಯ ಜೀನನ್ನೇ ತೆಗೆದು ನೋಡಿತು. ಆಗಲೂ ಹೆರಿಗೆ ಆಯಿತು, ಹಾಲು ಇಳಿಯಲಿಲ್ಲ.

ಅಂದರೆ ಹಾಲಿಗೆ ಒಂದೇ ದಾರಿ, ಹೆರಿಗೆಗೆ ಬೇರೆ ದಾರಿಗಳೂ ಇವೆ. ಗರ್ಭಕೋಶದ ಸ್ನಾಯುವಿನಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ಇನ್ನೊಂದು ಬಗೆಯ ರಾಸಾಯನಿಕಕ್ಕೂ ಗ್ರಾಹಿಗಳಿವೆ. ಒಂದು ಬಾಗಿಲು ಮುಚ್ಚಿದರೆ ಮತ್ತೊಂದರಿಂದ ಕೆಲಸ ನಡೆಯಬಹುದು. ಈ ಎರಡನೆಯ ಬಾಗಿಲನ್ನು ನೆನಪಿಡಿ. ಬೆಳಗಾವಿಯ ಹಳ್ಳಿಗಳಿಗೆ ಬಂದಾಗ ಅದು ಬೇಕಾಗುತ್ತದೆ.

ಎಮ್ಮೆ ಮತ್ತೆ ಬೆದೆಗೆ ಬಂತೇ?

ಗರ್ಭಕೋಶದ ಒಳಪೊರೆಗೂ ತನ್ನದೇ ಲೆಕ್ಕವಿದೆ. ಎಮ್ಮೆ ಕಟ್ಟಿಸಿದ ಮೇಲೆ ಮನೆಯವರು ದಿನ ಎಣಿಸುತ್ತಾರೆ. ಸುಮಾರು 21ನೆಯ ದಿನಕ್ಕೆ ಮತ್ತೆ ಬೆದೆಗೆ ಬಂದರೆ ಗರ್ಭ ನಿಂತಿಲ್ಲ ಎಂದರ್ಥ. ಇದರ ಹಿಂದಿನ ಗುಟ್ಟನ್ನು ಕುರಿ ಮತ್ತು ಆಕಳುಗಳಲ್ಲಿ ವಿವರವಾಗಿ ಅಧ್ಯಯನ ಮಾಡಿದ್ದಾರೆ. ಋತುಚಕ್ರದ ಕೊನೆಗೆ ಗರ್ಭಕೋಶದ ಒಳಪೊರೆಯಲ್ಲಿ ಆಕ್ಸಿಟೋಸಿನ್ ಗ್ರಾಹಿಗಳು ಹುಟ್ಟುತ್ತವೆ. ಹಾರ್ಮೋನು ಅವಕ್ಕೆ ಕೂತಾಗ ಪ್ರೊಸ್ಟಗ್ಲಾಂಡಿನ್ ಹೊರಬಂದು, ಅಂಡಾಶಯದಲ್ಲಿ ಗರ್ಭವನ್ನು ಕಾಯುವ ಹಳದಿ ಗಂಟನ್ನು ಕರಗಿಸುತ್ತದೆ. ಆಗ ಹೊಸ ಬೆದೆ ಶುರು. ಒಳಗೆ ಭ್ರೂಣವಿದ್ದರೆ ಅದು ಇಂಟರ್‌ಫೆರಾನ್ ಟೌ ಎಂಬ ವಸ್ತುವನ್ನು ಕಳಿಸಿ, ಒಳಪೊರೆಯಲ್ಲಿ ಆ ಗ್ರಾಹಿಯ ಜೀನು ತೆರೆಯದಂತೆ ತಡೆಯುತ್ತದೆ. ಕಾಳಿನಷ್ಟೂ ಬೆಳೆಯದ ಜೀವ ಒಂದು ಬಾಗಿಲು ಏಳದಂತೆ ತಡೆದು ತನ್ನನ್ನು ಉಳಿಸಿಕೊಳ್ಳುತ್ತದೆ!

ಮೆದುಳಿನಲ್ಲಿ ಇದೇ ಜೀನಿನ ಕೆಲಸ ಮತ್ತೊಂದು. ಈಯ್ದ ಕುರಿ ತನ್ನ ಮರಿಯ ವಾಸನೆ ಹಿಡಿದು, ಬೇರೆ ಮರಿ ಬಂದರೆ ಒದೆಯುವುದನ್ನು ರಾಮದುರ್ಗ, ಸವದತ್ತಿ ಕಡೆಯ ಕುರಿಗಾಹಿಗಳನ್ನು ಕೇಳಿ, ಹೇಳುತ್ತಾರೆ. 1987ರಲ್ಲಿ ಇಂಗ್ಲೆಂಡಿನ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು ಕುರಿಯ ಮೆದುಳಿಗೆ ಆಕ್ಸಿಟೋಸಿನ್ ಕೊಟ್ಟು ತಾಯ್ತನದ ನಡವಳಿಕೆ ಎಬ್ಬಿಸಿದರು. ಇಂತಹ ಸುದ್ದಿಗಳಿಂದ ಪತ್ರಿಕೆಗಳಲ್ಲಿ ಇದಕ್ಕೆ ಪ್ರೀತಿಯ ಹಾರ್ಮೋನು ಎಂಬ ಹೆಸರು ಬಂತು. ಜೋಡಿಯಾಗಿ ಬಾಳುವ ಒಂದು ಜಾತಿಯ ಹುಲ್ಲುಗಾವಲಿನ ಇಲಿಯ ಮೆದುಳಿನಲ್ಲಿ ಈ ಗ್ರಾಹಿಗಳು ಬೇರೆ ಜಾತಿಗಿಂತ ಬೇರೆ ಜಾಗದಲ್ಲಿ ತುಂಬಿವೆ ಎಂದು 1992ರಲ್ಲಿ ತಿಳಿಯಿತು. ಆದರೆ 2023ರಲ್ಲಿ ಅದೇ ಇಲಿಗಳಿಂದ ಗ್ರಾಹಿಯ ಜೀನನ್ನು ತೆಗೆದರೂ ಅವು ಜೋಡಿ ಕಟ್ಟಿಕೊಂಡವು. ಆದ್ದರಿಂದ ಪ್ರೀತಿಗೆಲ್ಲ ಒಂದೇ ಹಾರ್ಮೋನು ಕಾರಣ ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ.

ಪ್ರಾಣದ ಪ್ರಶ್ನೆ

ಈಗ ಹೆರಿಗೆ ಕೋಣೆಗೆ ಬರೋಣ. ದಿನ ತುಂಬಿದ ಗರ್ಭಕೋಶಕ್ಕೆ ಪ್ರತಿ ನಿಮಿಷ ಸುಮಾರು ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಕೂಡಲೇ ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳು ಬಾಯ್ದೆರೆಯುತ್ತವೆ. ಅವುಗಳನ್ನು ಮುಚ್ಚುವುದು ಗರ್ಭಕೋಶದ ಸ್ನಾಯು. ಅಡ್ಡಡ್ಡವಾಗಿ ಹೆಣೆದ ಅದರ ಎಳೆಗಳು ಬಿಗಿದುಕೊಂಡಾಗ ರಕ್ತನಾಳಗಳನ್ನು ದಾರ ಕಟ್ಟಿದಂತೆ ಹಿಸುಕುತ್ತವೆ. ಸ್ನಾಯು ಸಡಿಲಾಗಿಯೇ ಉಳಿದರೆ ತಾಯಿ ಗಂಟೆಗಳಲ್ಲಿ, ಕೆಲವೊಮ್ಮೆ ಇನ್ನೂ ಬೇಗ, ರಕ್ತ ಕಳೆದುಕೊಂಡು ಸಾಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2023ರ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1 ಕೋಟಿ 40 ಲಕ್ಷ ಮಹಿಳೆಯರು ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಗುರಿಯಾಗುತ್ತಾರೆ. ಸುಮಾರು 70 ಸಾವಿರ ತಾಯಂದಿರು ಸಾಯುತ್ತಾರೆ.

ಮಗು ಹುಟ್ಟಿದ ಕೂಡಲೇ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕಾಗಿ. ಆ ಗಳಿಗೆಯಲ್ಲಿ ಗರ್ಭಕೋಶದ ತುಂಬ ಗ್ರಾಹಿಗಳಿವೆ, ಮಗು ಹೊರಗೆ ಬಂದಿದೆ. ಹಾರ್ಮೋನು ಸಿಕ್ಕಿದರೆ ಸ್ನಾಯು ಬಿಗಿದುಕೊಳ್ಳುತ್ತದೆ. ಆದರೆ ಈ ಮದ್ದಿಗೆ ಎರಡು ತೊಡಕು. ಚುಚ್ಚಲು ತಿಳಿದವರು ಬೇಕು. 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು. ಏಪ್ರಿಲ್ ತಿಂಗಳ ಬಿಸಿಲು, ಹೇಳದೆ ಕೇಳದೆ ಹೋಗುವ ಕರೆಂಟು, ಈ ಭಾಗದವರಾದ ನಿಮಗೆ ವಿವರಿಸಬೇಕೇ?

ಬೆಳಗಾವಿಯ ಹಳ್ಳಿಗಳು ಜಗತ್ತಿಗೆ ಕಲಿಸಿದ್ದು

ಬ್ರಿಟಿಷರ ಕಾಲದಲ್ಲಿ ಈ ಭಾಗದ ತಾಲೂಕಿಗೇ ಸಂಪಗಾಂವ ಎಂಬ ಹೆಸರಿತ್ತು. ಈಗ ಸಂಪಗಾಂವ ಬೈಲಹೊಂಗಲ ತಾಲೂಕಿನ ಊರು. ಜಿಲ್ಲೆ ಬೆಳಗಾವಿ. ಹೆರಿಗೆಯ ರಕ್ತಸ್ರಾವದ ಬಗ್ಗೆ ಜಗತ್ತಿನ ವೈದ್ಯರು ಇಂದಿಗೂ ಉಲ್ಲೇಖಿಸುವ ಒಂದು ದೊಡ್ಡ ಅಧ್ಯಯನ ನಡೆದದ್ದು ಇದೇ ಜಿಲ್ಲೆಯ ಹಳ್ಳಿಗಳಲ್ಲಿ ಎಂದು ನಿಮಗೆ ಗೊತ್ತೇ?

2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ, ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಡಾ. ಬಿ. ಎಸ್. ಕೊಡಕಣಿ, ಡಾ. ಶಿವಪ್ರಸಾದ ಗೌಡರ ಮತ್ತಿತರರು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಅವರೊಂದಿಗೆ ಸೇರಿ ಈ ಕೆಲಸ ಮಾಡಿದರು. ಹಳ್ಳಿಯ ಹೆರಿಗೆಗಳಿಗೆ ತಂಪು ಪೆಟ್ಟಿಗೆಯೂ ಬೇಡದ, ಸೂಜಿಯೂ ಬೇಡದ ಒಂದು ಉಪಾಯ ಹುಡುಕುವುದು ಅವರ ಉದ್ದೇಶ. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ಆರಿಸಿಕೊಂಡರು. ಅದು ಪ್ರೊಸ್ಟಗ್ಲಾಂಡಿನ್ ಗ್ರಾಹಿಗಳಿಗೆ ಕೂತು ಗರ್ಭಕೋಶವನ್ನು ಬಿಗಿಗೊಳಿಸುತ್ತದೆ. ನೆನಪಿಡಿ ಎಂದಿದ್ದೆನಲ್ಲ, ಆ ಎರಡನೆಯ ಬಾಗಿಲು ಇದೇ.

1620 ತಾಯಂದಿರು ಪಾಲ್ಗೊಂಡರು. ಹೆರಿಗೆ ಮಾಡಿಸಿ, ಮಾತ್ರೆ ಕೊಟ್ಟು, ರಕ್ತ ಅಳೆದವರು 25 ಮಂದಿ ಸಹಾಯಕ ದಾದಿಯರು. 812 ತಾಯಂದಿರಿಗೆ ಮದ್ದಿನ ಮಾತ್ರೆ, 808 ತಾಯಂದಿರಿಗೆ ಮದ್ದಿಲ್ಲದ ಮಾತ್ರೆ ಸಿಕ್ಕಿತು. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ಮದ್ದಿಲ್ಲದವರಲ್ಲಿ ನೂರಕ್ಕೆ 12 ಮಂದಿಗೆ ಅರ್ಧ ಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋಯಿತು. ಮಾತ್ರೆ ಪಡೆದವರಲ್ಲಿ ಅದು 6.4ಕ್ಕೆ ಇಳಿಯಿತು. ತೀವ್ರ ರಕ್ತಸ್ರಾವ ಶೇಕಡಾ 1.2ರಿಂದ 0.2ಕ್ಕೆ ಇಳಿಯಿತು. ಹದಿನೆಂಟು ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ ಎಂದು ಲೆಕ್ಕ ಸಿಕ್ಕಿತು. ಚಳಿ, ಜ್ವರ ಮಾತ್ರ ಸ್ವಲ್ಪ ಹೊತ್ತು ಕಾಡುತ್ತಿದ್ದವು. 2006ರ ಅಕ್ಟೋಬರಿನಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತಸ್ರಾವ ತಡೆಯಲೆಂದು ಈ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಅದೇ ತಂಡ ಇನ್ನೊಂದು ಸಾದಾ ವಸ್ತುವನ್ನೂ ಬಳಸಿತು. ತಾಯಿಯ ಕೆಳಗೆ ಹಾಸುವ, ತುದಿಯಲ್ಲಿ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲ. ಬೆಳಗಾವಿಯಲ್ಲಿ ನಡೆದ ಹೋಲಿಕೆಯಲ್ಲಿ, ಕಣ್ಣಂದಾಜಿನಲ್ಲಿ ಹೇಳಿದ ರಕ್ತದ ಪ್ರಮಾಣವು ಚೀಲ ತೋರಿಸಿದ್ದಕ್ಕಿಂತ ಮೂರನೇ ಒಂದು ಭಾಗದಷ್ಟು ಕಡಿಮೆಯಿತ್ತು. "ಸ್ವಲ್ಪ ಹೋಗಿದೆ, ಎಲ್ಲರಿಗೂ ಹೋಗುವಂಥದ್ದೇ" ಎಂಬ ಮಾತಿನಲ್ಲಿ ಎಷ್ಟು ಅಪಾಯವಿದೆ ನೋಡಿ! 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಇಂತಹ ಅಳತೆ ಚೀಲ ಹಾಸಿ, ರಕ್ತ ಹೆಚ್ಚು ಹೋದ ಕೂಡಲೇ ಎಲ್ಲ ಚಿಕಿತ್ಸೆಗಳನ್ನೂ ಒಟ್ಟಿಗೆ ಆರಂಭಿಸಿದರು. ತೀವ್ರ ರಕ್ತಸ್ರಾವ ಮತ್ತು ಅದರ ದುಷ್ಪರಿಣಾಮಗಳು ಶೇಕಡಾ 4.3ರಿಂದ 1.6ಕ್ಕೆ ಇಳಿದವು.

ಬಿಸಿಲಿಗೆ ಕೆಡದ ಮದ್ದೂ ಬಂದಿದೆ. ಕಾರ್ಬೆಟೊಸಿನ್ ಎಂಬುದು ಆಕ್ಸಿಟೋಸಿನ್ನಿನ ಗ್ರಾಹಿಗೇ ಕೂರುವ, ಸ್ವಲ್ಪ ಬದಲಿಸಿದ ಅಣು. ಅದರ ಬಿಸಿ ತಾಳುವ ರೂಪವನ್ನು ಭಾರತವೂ ಸೇರಿ ಹತ್ತು ದೇಶಗಳ 29,645 ತಾಯಂದಿರಲ್ಲಿ ಆಕ್ಸಿಟೋಸಿನ್ ಜೊತೆ ಹೋಲಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧ ಲೀಟರ್ ರಕ್ತ ಹೋದವರು ಅಥವಾ ಮತ್ತೆ ಮದ್ದು ಬೇಕಾದವರು ಒಂದರಲ್ಲಿ ಶೇಕಡಾ 14.5, ಇನ್ನೊಂದರಲ್ಲಿ 14.4. ಬಹುತೇಕ ಸಮ.

ಅವಸರದ ಸೂಜಿ

ಇಷ್ಟು ಉಪಕಾರಿ ಮದ್ದನ್ನು ಮಗು ಹುಟ್ಟುವ ಮೊದಲೇ ಚುಚ್ಚಿಬಿಟ್ಟರೆ? "ನೋವು ಬರುವ ಇಂಜೆಕ್ಷನ್ ಕೊಡಿ, ಬೇಗ ಮುಗಿಯಲಿ" ಎಂದು ಕೇಳುವ ಮನೆಯವರು ಇದ್ದಾರೆ. ಕೇಳಿದ ಕೂಡಲೇ ಕೊಡುವವರೂ ಇದ್ದಾರೆ. ಆಗ ಗರ್ಭಕೋಶದಲ್ಲಿ ಗ್ರಾಹಿಗಳು ತುಂಬಿವೆ, ಮಗು ಇನ್ನೂ ಒಳಗಿದೆ. ಸ್ನಾಯು ಬಿಡುವಿಲ್ಲದೆ ಬಿಗಿದರೆ ಮಗುವಿಗೆ ಹೋಗುವ ರಕ್ತ ಕಡಿಮೆಯಾಗಿ ಉಸಿರು ಕಟ್ಟುತ್ತದೆ. ಗರ್ಭಕೋಶ ಹರಿಯಲೂಬಹುದು. ಆಕ್ಸಿಟೋಸಿನ್‌ನಿಂದ ನೋವು ಹೆಚ್ಚಿಸಲೇಬೇಕಾದಾಗ ವೈದ್ಯರು ಅದನ್ನು ಸಲೈನಿನಲ್ಲಿ ಹನಿಹನಿಯಾಗಿ, ಮಗುವಿನ ಎದೆಬಡಿತ ನೋಡುತ್ತಾ, ಶಸ್ತ್ರಚಿಕಿತ್ಸೆಯ ಸೌಕರ್ಯವಿರುವಲ್ಲಿ ಕೊಡುತ್ತಾರೆ. ಮನೆಯಲ್ಲಿ ಒಮ್ಮೆಲೇ ಚುಚ್ಚುವ ಸೂಜಿಯನ್ನು ಹಿಂದಕ್ಕೆ ಎಳೆದುಕೊಳ್ಳಲಾಗದು.

ಇನ್ನೊಂದು ಅಪಾಯವೂ ಇದೆ. ಬಾಗಿಲು ಬಹಳ ಹೊತ್ತು ಬಡಿಸಿಕೊಂಡರೆ ಜೀವಕೋಶ ಆ ಬಾಗಿಲನ್ನೇ ತೆಗೆದುಬಿಡುತ್ತದೆ. ಆಕ್ಸಿಟೋಸಿನ್ ಕೊಟ್ಟು ನೋವು ಬರಿಸಿದ ತಾಯಂದಿರ ಗರ್ಭಕೋಶದಲ್ಲಿ ಗ್ರಾಹಿಗಳು ಕಡಿಮೆಯಾಗಿದ್ದವು ಎಂದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡಿತು. ಹೆರಿಗೆಯ ನಂತರ ನಿಜವಾಗಿ ಮದ್ದು ಬೇಕಾದ ಗಳಿಗೆಯಲ್ಲಿ ಸ್ನಾಯುವಿನ ಕಿವಿ ಮಂದವಾಗಿರಬಹುದು.

ಕೊಟ್ಟಿಗೆಯಲ್ಲೂ ಇದೇ ಪಾಠ. ಎಮ್ಮೆಯ ಹಾಲಿನಲ್ಲಿ ಸುಮಾರು ಶೇಕಡಾ 5ರಷ್ಟು ಮಾತ್ರ ಕೆಚ್ಚಲಿನ ಕೆಳಕುಳಿಯಲ್ಲಿ ಸುಲಭವಾಗಿ ಸಿಗುವಂತಿರುತ್ತದೆ. ಉಳಿದದ್ದು ಮೇಲಿನ ಸಣ್ಣ ಚೀಲಗಳಲ್ಲಿ. ಅದನ್ನು ಕೆಳಗೆ ತಳ್ಳುವುದು ಆಕ್ಸಿಟೋಸಿನ್. ಆಕಳಿಗಿಂತ ಎಮ್ಮೆ ಸೊರ ಬಿಡಲು ತಡ ಮಾಡುವುದು, ಕರು ಸತ್ತ ಎಮ್ಮೆ ಹಟ ಹಿಡಿಯುವುದು ಇದರಿಂದಲೇ. ತಾಳ್ಮೆ ಇಲ್ಲದವರು ಸೂಜಿ ಹಿಡಿಯುತ್ತಾರೆ. ದಿನಾ ಚುಚ್ಚಿದ ಆಕಳುಗಳಲ್ಲಿ ಸ್ವಂತ ಹಾರ್ಮೋನಿಗೆ ಕೆಚ್ಚಲಿನ ಸ್ಪಂದನೆ ಕುಗ್ಗಿ, ಸೂಜಿ ನಿಲ್ಲಿಸಿದಾಗ ಹಾಲು ಪೂರ್ತಿ ಇಳಿಯದಿರುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೆಯ ಕಲಮಿನಂತೆ, ಹಾಲು ಹೆಚ್ಚಿಸಲು ಪ್ರಾಣಿಯ ಆರೋಗ್ಯಕ್ಕೆ ಹಾನಿಯಾಗುವ ಯಾವುದೇ ವಸ್ತುವನ್ನು ಚುಚ್ಚುವುದು ಅಪರಾಧ.

ಅಂತಹ ಹಾಲು ಕುಡಿದರೆ ಹೆಣ್ಣುಮಕ್ಕಳು ಬೇಗ ದೊಡ್ಡವರಾಗುತ್ತಾರೆ ಎಂಬ ಮಾತು ಊರೂರಲ್ಲಿದೆ. ಆದರೆ ಆಕ್ಸಿಟೋಸಿನ್ ರಕ್ತದಲ್ಲಿ ಕೆಲವೇ ನಿಮಿಷ ಉಳಿಯುವ ಪ್ರೋಟೀನಿನ ಚೂರು. ಹಾಲಿನಲ್ಲಿ ಅಷ್ಟಿಷ್ಟು ಇದ್ದರೂ ಹೊಟ್ಟೆಯಲ್ಲಿ ಬೇಳೆಯಂತೆ ಜೀರ್ಣವಾಗುತ್ತದೆ. ಅನ್ಯಾಯವಾಗುವುದು ಎಮ್ಮೆಗೆ. ಅದನ್ನು ನಿಲ್ಲಿಸಲು ಆ ಕಾರಣವೇ ಸಾಕು.

ಈ ದುರುಪಯೋಗ ತಡೆಯಲು ಕೇಂದ್ರ ಸರಕಾರ 2018ರ ಏಪ್ರಿಲಿನಲ್ಲಿ ಒಂದು ಆದೇಶ ಹೊರಡಿಸಿತು. ದೇಶದ ಬಳಕೆಗೆ ಆಕ್ಸಿಟೋಸಿನ್ ತಯಾರಿಸುವ ಹಕ್ಕು ಬೆಂಗಳೂರಿನ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಎಂಬ ಸರಕಾರಿ ಕಂಪೆನಿಗೆ ಮಾತ್ರ ಎಂದಿತು. ಎಮ್ಮೆಯನ್ನು ಉಳಿಸಲು ಹೋಗಿ ತಾಯಂದಿರಿಗೆ ಮದ್ದು ಸಿಗದಂತಾದರೆ ಏನು ಗತಿ ಎಂದು ಕೆಲವರು ನ್ಯಾಯಾಲಯಕ್ಕೆ ಹೋದರು. 2018ರ ಡಿಸೆಂಬರ್ 14ರಂದು ದಿಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಕೊಟ್ಟಿಗೆಯ ಸೂಜಿಗೂ ಹೆರಿಗೆ ಕೋಣೆಯ ಸೂಜಿಗೂ ಇರುವ ನಂಟು ಹೀಗೆ ಕಾನೂನಿನ ಮುಂದೆಯೂ ಬಂತು.

ನಿಮ್ಮ ಮನೆಯಲ್ಲಿ

ಸಹೋದರಿಯರೇ, ಈ ವಿಜ್ಞಾನವೆಲ್ಲ ಮರೆತರೂ ಅಡ್ಡಿಯಿಲ್ಲ, ಈ ನಾಲ್ಕು ಮಾತು ಮರೆಯಬೇಡಿ.

ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಮನೆಯಲ್ಲಿ ನೋವಿನ ಸೂಜಿ ಹಾಕಿಸಬೇಡಿ. ಹಾಕಲು ಬಂದವರನ್ನು ತಡೆಯಿರಿ, ಅವರೆಷ್ಟೇ ಪರಿಚಿತರಾಗಿರಲಿ.

ಮಗು ಹುಟ್ಟಿದ ಕೂಡಲೇ ರಕ್ತ ನಿಲ್ಲುವ ಮದ್ದು ಕೊಟ್ಟರೇ ಎಂದು ನರ್ಸನ್ನು ಕೇಳಿ. ಹಾಗೆ ಕೇಳಲು ಸಂಕೋಚ ಬೇಡ. ಮಿಸೊಪ್ರೊಸ್ಟಾಲ್ ಮಾತ್ರೆಯಾದರೂ ಅಷ್ಟೇ, ರಕ್ತಸ್ರಾವ ತಡೆಯಲು ಅದನ್ನು ಕೊಡುವುದು ಮಗು ಹುಟ್ಟಿದ ಮೇಲೆ, ಹೊಟ್ಟೆಯಲ್ಲಿ ಅವಳಿಯ ಇನ್ನೊಂದು ಮಗು ಇಲ್ಲವೆಂದು ಖಚಿತವಾದ ಮೇಲೆ.

ಹೆರಿಗೆಯ ನಂತರ ಬಟ್ಟೆ ಮೇಲಿಂದ ಮೇಲೆ ನೆನೆಯುತ್ತಿದ್ದರೆ, ತಾಯಿಗೆ ತಲೆಸುತ್ತು, ತಣ್ಣನೆಯ ಬೆವರು, ಏದುಸಿರು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ. ಮನೆಗೆ ಬಂದಿದ್ದರೆ 108ಕ್ಕೆ ಫೋನ್ ಮಾಡಿ, ಅದೇ ಗಳಿಗೆಯಲ್ಲಿ ಹೊರಡಿ.

ಎಮ್ಮೆಗೆ ಸೂಜಿಯ ಬದಲು ಸಮಯ ಕೊಡಿ. ಕರು ಬಿಡಿ, ಕೆಚ್ಚಲನ್ನು ಬೆಚ್ಚಗಿನ ನೀರಿನಿಂದ ತೊಳೆದು ನೀವಿ, ದಿನಾ ಅದೇ ಹೊತ್ತಿಗೆ ಅದೇ ಕೈ ಹಿಂಡಲಿ. ಗದರಬೇಡಿ, ಏಕೆಂದರೆ ಹೆದರಿದ ಎಮ್ಮೆಯಲ್ಲಿ ಆಕ್ಸಿಟೋಸಿನ್ ಇಳಿಯುವುದೇ ಇಲ್ಲ.

ನಾಳೆ ಬೆಳಿಗ್ಗೆ ಕರು ಕೆಚ್ಚಲಿಗೆ ಗುದ್ದುವಾಗ, ಒಳಕೋಣೆಯಲ್ಲಿ ಬಾಣಂತಿ ಹೊಟ್ಟೆ ಹಿಡಿದುಕೊಂಡಾಗ, ಇಬ್ಬರ ರಕ್ತದಲ್ಲೂ ಓಡುತ್ತಿರುವುದು ಒಂದೇ ಸುದ್ದಿ ಎಂದು ನಿಮಗೆ ನೆನಪಾಗಲಿ. ಸೊಸೆಗೆ "ಒಳ್ಳೆಯದೇ" ಎಂದ ಅತ್ತೆಯ ಮಾತು ಸರಿಯಾಗಿಯೇ ಇದೆ. ಆ ನೋವಿನ ಜೊತೆ ರಕ್ತ ಹೆಚ್ಚು ಹೋಗುತ್ತಿಲ್ಲ ತಾನೇ ಎಂದು ಒಮ್ಮೆ ನೋಡಿದರೆ ಅವಳ ಕೆಲಸ ಪೂರ್ತಿಯಾದಂತೆ.